ಆದ್ರೆ ಆರಿದ್ರಾ, ಇಲ್ದಿದ್ರೆ ಗೆಸ್ಟ್ ಹೌಸ್

ಮಲೆನಾಡಿನವರಿಗೆ ನಕ್ಷತ್ರಗಳ ಹೆಸರು ಬಾಯಿಪಾಠ. ಆದರೆ ನಾವು ಅವನ್ನು ನೋಡಿ ಕಲಿತದ್ದಲ್ಲ, ನೆಂದು ಕಲಿತದ್ದು. ಮೃಗಶಿರಾ ಅಂದ್ರೆ ಹಂಚು ಕೈಯಾಡಿಸೋದು ತಡವಾಯ್ತು ಅಂತ ಅರ್ಥ. ಪುನರ್ವಸು ಅಂದ್ರೆ ತೋಟಕ್ಕೆ ಔಷಧಿ ಹೊಡೆಯೋಕೆ ಆಳು ಸಿಗದ ಹದಿನೈದು ದಿನ. ಸೂರ್ಯ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಆ ಮಳೆಗೆ ಅದರ ಹೆಸರು. ಸೂರ್ಯನ ಪಕ್ಕ ಇರೋ ನಕ್ಷತ್ರ ಹಗಲು ಹುಟ್ಟಿ ಹಗಲೇ ಮುಳುಗುತ್ತೆ. ಅಂದ್ರೆ ಆರಿದ್ರಾ ಮಳೆ ಹುಯ್ಯುವಾಗ ಆರಿದ್ರಾ ನಕ್ಷತ್ರ ರಾತ್ರಿ ಕಾಣೋದಿಲ್ಲ. ಮೋಡವೇ ಇಲ್ಲದ ಊರಲ್ಲೂ ಕಾಣೋದಿಲ್ಲ.

ಇಷ್ಟು ವಿಷಯ ನಮ್ಮಮ್ಮನಿಗೆ ಗೊತ್ತು. ದೇಶದ ಒಂದು ಖಗೋಳ ಸಂಸ್ಥೆಯ ಆಡಳಿತ ವಿಭಾಗಕ್ಕೆ ಗೊತ್ತಿಲ್ಲ.

ಸಂಸ್ಥೆಯ ಹೆಸರು ಬೇಡ. ಪುಣೆಯ ಐಯುಕಾ ಅಂತೂ ಅಲ್ಲ. ಅದು 1988ರಲ್ಲಿ ಹುಟ್ಟಿದ್ದೇ ವಿಶ್ವವಿದ್ಯಾಲಯ, ಕಾಲೇಜುಗಳ ಮೇಷ್ಟ್ರುಗಳನ್ನು ಕರೆದು ಕೂರಿಸಿ ಖಗೋಳ ವಿಜ್ಞಾನ ಮಾಡಿಸೋಕೆ. ನಾನು ಹೇಳ್ತಿರೋದು ಬೇರೆ ಕಡೆಯ ಕಥೆ. ಅಲ್ಲೂ 'ಅತಿಥಿ ಸಂಶೋಧಕ' ಅಂತ ಒಂದು ಯೋಜನೆ. ಸಣ್ಣ ಊರಿನ ಅಧ್ಯಾಪಕರು ಬರಬೇಕು, ಒಂದು ತಿಂಗಳು ಇರಬೇಕು, ದುರ್ಬೀನು ಬಳಸಬೇಕು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ ಭೌತಶಾಸ್ತ್ರ ಹೇಳಿಕೊಂಡಿರೋ ನಾನು ಅರ್ಜಿ ಹಾಕಿದೆ.

ನನ್ನ ವಿಷಯ ಆರಿದ್ರಾ. ಇಂಗ್ಲಿಷಿನವರ ಬೀಟಲ್‌ಜ್ಯೂಸ್. ಮಹಾವ್ಯಾಧ ಅನ್ನೋ ನಕ್ಷತ್ರಪುಂಜದ (ಓರಿಯನ್) ಬೇಟೆಗಾರನ ಹೆಗಲ ಮೇಲಿನ ಕೆಂಪು ನಕ್ಷತ್ರ. ಸೂರ್ಯನ ಜಾಗದಲ್ಲಿ ಅದನ್ನು ತಂದಿಟ್ಟರೆ ನಮ್ಮ ಭೂಮಿಯಿರಲಿ, ಮಂಗಳನ ಕಕ್ಷೆಯೂ ಅದರ ಹೊಟ್ಟೆಯೊಳಗೆ. 2019ರ ಕೊನೆಗೆ ಅದು ಇದ್ದಕ್ಕಿದ್ದಂತೆ ಮಂಕಾಗೋಕೆ ಶುರುವಾಯ್ತಲ್ಲ, ಆಗ ದಿನಾ ರಾತ್ರಿ ಅಂಗಳದಲ್ಲಿ ನಿಂತು ಪಕ್ಕದ ರೋಹಿಣಿ ಜೊತೆ ಹೋಲಿಸಿ ಬರೆದಿಟ್ಟಿದ್ದೆ. 2020ರ ಫೆಬ್ರವರಿ ಹೊತ್ತಿಗೆ ರೋಹಿಣಿಯೇ ಎಷ್ಟೋ ವಾಸಿ ಅನ್ನೋ ಸ್ಥಿತಿ. ಸಿಡಿದೇ ಹೋಗುತ್ತೆ ಅಂತ ಜಗತ್ತೆಲ್ಲ ಕಾದು ಕೂತಿತ್ತು. ಆಮೇಲೆ ನೋಡಿದರೆ ಅದು ತಾನೇ ಉಗುಳಿದ ಅನಿಲ ತಣ್ಣಗಾಗಿ ಧೂಳಾಗಿ ಮುಖಕ್ಕೆ ಅಡ್ಡ ಬಂದಿತ್ತಂತೆ. ಈ ಅಂಗಳದ ಲೆಕ್ಕವನ್ನು ದೊಡ್ಡ ದುರ್ಬೀನಲ್ಲಿ ಮುಂದುವರಿಸೋ ಆಸೆ ನನ್ನದು.

ಆಯ್ಕೆಯಾದೆ. ಊರಲ್ಲಿ ಸುದ್ದಿ ಹಬ್ಬಿತು. ವಾಟ್ಸಾಪಿನಲ್ಲಿ ಬೆಳಿಗ್ಗೆ ಇಸ್ರೋಗೆ ಹೊರಟಿದ್ದ ನಾನು ಮಧ್ಯಾಹ್ನದ ಹೊತ್ತಿಗೆ ನಾಸಾ ತಲುಪಿದ್ದೆ. ಸಂಜೆ ಸನ್ಮಾನ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಪಂಚಾಯಿತಿ ಸದಸ್ಯರು ಮೈಕು ಹಿಡಿದು, "ಸಾರ್, ನಮ್ಮೂರಿಂದ ನಿಮಗೆ ಎಂತ ಬೇಕು ಕೇಳಿ" ಅಂದರು. ಆಕಾಶ ನೋಡೋಕೆ ಬೀದಿದೀಪದ ಕಡೆ ಸ್ವಲ್ಪ ಗಮನ ಕೊಡಿ ಅಂದೆ. ಜೋರು ಚಪ್ಪಾಳೆ. ಅವರು ಡೈರಿಯಲ್ಲಿ ಬರೆದುಕೊಂಡರು.

ಮಾರನೇ ದಿನ ದಿನಾಂಕ ಬಂತು. ಜೂನ್ 15ರಿಂದ ಜುಲೈ 14.

ಎರಡು ಸಲ ಓದಿದೆ. ಅಮ್ಮ ಹಲಸಿನಕಾಯಿ ಹಪ್ಪಳ ಒತ್ತುತ್ತಾ ಕೂತಿದ್ದಳು. ತಲೆ ಎತ್ತದೆ ಕೇಳಿದಳು: "ಅಲ್ದ ಮಾರಾಯ, ಆರಿದ್ರಾ ಮಳೇಲಿ ಆರಿದ್ರಾ ನೋಡಕ್ಕೆ ಹೊರಟಿದ್ದೀಯಲ್ಲ, ನಿಂಗೆಂತ ಮಂಡೆ ಸಮ ಇಲ್ವಾ?"

ಸಂಸ್ಥೆಗೆ ವಿನಯದಿಂದ ಪತ್ರ ಬರೆದೆ. ಜೂನ್‌ನಲ್ಲಿ ಈ ನಕ್ಷತ್ರ ಸೂರ್ಯನ ಜೊತೆಗಿರುತ್ತೆ, ಡಿಸೆಂಬರ್ ಕೊಡಿ ಅಂತ. ಮೂರು ವಾರಕ್ಕೆ ಉತ್ತರ ಬಂತು: 'ಅವಧಿ ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ. ಬೇಕಿದ್ದರೆ ನಕ್ಷತ್ರವನ್ನು ಬದಲಿಸಿಕೊಳ್ಳಬಹುದು.'

ಫೋನು ಮಾಡಿದೆ. ಆ ಕಡೆಯ ಪುಣ್ಯಾತ್ಮ ಬಹಳ ಒಳ್ಳೆಯವರು, ಬಿಡಿಸಿ ಹೇಳಿದರು. ಯಾವ ಸಂಶೋಧನೆ ಅಂತ ನೋಡೋದು ವಿಜ್ಞಾನಿಗಳಂತೆ. ಯಾವ ತಿಂಗಳು ಅಂತ ನೋಡೋದು ಗೆಸ್ಟ್ ಹೌಸ್ ವಿಭಾಗವಂತೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಆಕಾಶ ಶುಭ್ರ, ಸಮ್ಮೇಳನಗಳು ಜಾಸ್ತಿ, ರೂಮು ಇರಲ್ಲ. ಮಳೆಗಾಲದಲ್ಲಿ ದುರ್ಬೀನಿನ ಗುಮ್ಮಟ ಮುಚ್ಚಿರುತ್ತೆ, ಆಗ ರೂಮು ಧಾರಾಳ. "ಹಾಗಾಗಿ ಅತಿಥಿಗಳನ್ನ ಮಳೆಗಾಲಕ್ಕೆ ಹಾಕ್ತೀವಿ ಸಾರ್." ಇಷ್ಟು ಸರಳ.

ನಕ್ಷತ್ರ ಬದಲಿಸಿದೆ. ಇನ್ನೇನು ಮಾಡಲಿ? ಜ್ಯೇಷ್ಠಾ ಅಂತ ಬರೆದೆ. ಅದೂ ಕೆಂಪು ದೈತ್ಯನೇ, ವೃಶ್ಚಿಕದಲ್ಲಿದೆ, ಜೂನ್‌ನಲ್ಲಿ ರಾತ್ರಿಯಿಡೀ ಮೇಲಿರುತ್ತೆ. ಆದರೆ ತಿದ್ದುಪಡಿ ಅರ್ಜಿ ಮತ್ತೆ ಪ್ರಾಂಶುಪಾಲರ ಮೂಲಕವೇ ಹೋಗಬೇಕು. ಕಾಲೇಜಿನ ಸೂಪರಿಂಟೆಂಡೆಂಟರು ಓದಿ ಮುಖ ಸಣ್ಣ ಮಾಡಿದರು. "ಜ್ಯೇಷ್ಠಾ ಯಾಕೆ ಸಾರ್? ನಮ್ಮ ಅಕ್ಕನ ಮಗಳಿಗೆ ಅದೇ ನಕ್ಷತ್ರ ಅಂತ ಮೂರು ಸಂಬಂಧ ತಪ್ಪಿದೆ." ಪ್ರಾಂಶುಪಾಲರಿಗೆ ನಕ್ಷತ್ರದ ಚಿಂತೆ ಇರಲಿಲ್ಲ. ಕಾಲೇಜಿಗೆ ದರ್ಜೆ ಕೊಡೋ ನ್ಯಾಕ್ ಸಮಿತಿ ಬರೋದಿತ್ತು. "ಸರ್ಟಿಫಿಕೇಟ್ ಕೊಡ್ತಾರಲ್ರೀ? ಅದು ಮುಖ್ಯ. ಹೋಗದೇ ಕೊಡೋ ಹಾಗಿದ್ರೆ ಇನ್ನೂ ಒಳ್ಳೇದು, ಪರೀಕ್ಷೆ ಡ್ಯೂಟಿಗೆ ಜನ ಇಲ್ಲ."

ಹೋದೆ. ಗೇಟಿನಲ್ಲಿ ಕೊರಳಿಗೊಂದು ಪಾಸು ಹಾಕಿದರು. ಫೋಟೋ ಚೆನ್ನಾಗಿತ್ತು. ಕೆಳಗೆ ಪ್ರವೇಶದ ಸಮಯ: ಬೆಳಿಗ್ಗೆ 9ರಿಂದ ಸಂಜೆ 5.30. ಖಗೋಳ ಸಂಸ್ಥೆಯ ಸಂಶೋಧಕನಿಗೆ ಸೂರ್ಯ ಮುಳುಗೋ ಮೊದಲೇ ಮನೆಗೆ ಹೋಗು ಅಂತ ಅಪ್ಪಣೆ! ಸೆಕ್ಯುರಿಟಿಯವರನ್ನು ಕೇಳಿದರೆ, "ರಾತ್ರಿ ಪಾಸು ಬೇರೆ, ಅದಕ್ಕೆ ಬೇರೆ ಫಾರಂ" ಅಂದರು. ಫಾರಂ ಕೊಡೋ ಕೌಂಟರ್ ತೆರೆದಿರೋದು ಹನ್ನೊಂದರಿಂದ ಒಂದು. ಬುಧವಾರ ಇಲ್ಲ.

ಪಾಸು ಸಿಕ್ಕಿ ಆಗಿದ್ದೇನು? ಮೂವತ್ತು ರಾತ್ರಿಯಲ್ಲಿ ಗುಮ್ಮಟ ಒಂದು ಸಲ ತೆರೆದದ್ದು ನೋಡಿದೆ. ದುರ್ಬೀನಿನ ಕನ್ನಡಿ ಇಳಿಸೋಕೆ. ಹಳೇ ಲೇಪ ತೊಳೆದು ಹೊಸ ಅಲ್ಯೂಮಿನಿಯಂ ಲೇಪ ಮಾಡಬೇಕಿತ್ತು. ನಿಜ ಹೇಳಬೇಕಂದ್ರೆ ಇಡೀ ತಿಂಗಳಲ್ಲಿ ಮನಸ್ಸಿಗೆ ಸಂತೋಷವಾಗಿದ್ದು ಅದೊಂದೇ. ಅಷ್ಟಗಲದ ಕನ್ನಡಿ ತೊಟ್ಟಿಲ ಮಗುವಿನ ಹಾಗೆ ನಿಧಾನಕ್ಕೆ ಇಳಿದು ಬಂತು. ಯಾರೂ ಮಾತಾಡಲಿಲ್ಲ. ಕ್ಯಾಂಟೀನಿನ ಹುಡುಗ ಕೂಡ ಟೀ ಫ್ಲಾಸ್ಕ್ ಹಿಡಿದು ಸುಮ್ನೆ ನಿಂತುಬಿಟ್ಟ.

ಜೊತೆಯಲ್ಲಿದ್ದ ಯುವ ಸಂಶೋಧಕರೊಬ್ಬರು ಸಮಾಧಾನ ಮಾಡಿದರು. ಈಗ ಯಾರು ಸಾರ್ ದುರ್ಬೀನಿನ ಹತ್ತಿರ ಹೋಗ್ತಾರೆ? ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರೋ 2 ಮೀಟರಿನ ದುರ್ಬೀನನ್ನ ಹೊಸಕೋಟೆಯಲ್ಲಿ ಕೂತು ಉಪಗ್ರಹದ ಮೂಲಕ ನಡೆಸ್ತಾರೆ ಅಂತ. ನಿಜವೇ, ಹೆಮ್ಮೆಯ ವಿಷಯವೇ. ಆದ್ರೆ ಹಾಗಿದ್ದ ಮೇಲೆ ನನ್ನನ್ನ ಇಷ್ಟು ದೂರ ಕರೆಸಿದ್ದು ಯಾಕೆ ಅಲ್ವಾ? ನಾನು ಕೇಳಲಿಲ್ಲ. ಅನ್ನ ಸಾರು ಚೆನ್ನಾಗಿತ್ತು.

ಹೊರಡುವ ದಿನ ವರದಿ ತುಂಬಬೇಕು. 'ವೀಕ್ಷಣೆ ನಡೆಸಿದ ರಾತ್ರಿಗಳು' ಅನ್ನೋ ಕಡೆ ಸೊನ್ನೆ ಒತ್ತಿದರೆ ಕಂಪ್ಯೂಟರ್ ಕೆಂಪಾಗುತ್ತೆ, ಮುಂದೆ ಹೋಗಲ್ಲ. "ಒಂದು ಅಂತ ಹಾಕಿ ಸಾರ್, ಎಲ್ಲರೂ ಹಾಗೇ ಹಾಕೋದು." ಸೊನ್ನೆಯನ್ನು ಜಗತ್ತಿಗೆ ಕೊಟ್ಟವರು ನಾವು ಅಂತ ಪಾಠ ಮಾಡಿ ಬಂದವನು, ಒಂದು ಅಂತ ಒತ್ತಿದೆ.

ಪ್ರಯಾಣ ಭತ್ಯೆಯ ಕಥೆ ಚಿಕ್ಕದು. ನಮ್ಮ ತಾಲ್ಲೂಕಿಗೆ ರೈಲಿಲ್ಲ. ಶಿವಮೊಗ್ಗದವರೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್ ಬಸ್ಸು. ಟಿಕೆಟ್ಟಿನ ಮೂಲ ಪ್ರತಿ ಬೇಕು ಅಂದರು. ಜೇಬಿಂದ ತೆಗೆದರೆ ಮಲೆನಾಡಿನ ತಂಡಿಗೆ ಅಕ್ಷರವೆಲ್ಲ ಹಾರಿಹೋಗಿ ಬಿಳೀ ಚೀಟಿ. ಅದನ್ನೇ ಲಗತ್ತಿಸಿದೆ. ಕಡತದಲ್ಲಿ ಷರಾ ಬರೆದು ವಾಪಸ್ ಕಳಿಸಿದರು: 'ಸ್ಪಷ್ಟ ಪ್ರತಿ ಸಲ್ಲಿಸಿ.'

ಡಿಸೆಂಬರ್ ಬಂತು. ಮಳೆಯ ಗುರುತಿಲ್ಲ, ಅಂಗಳದ ತುಂಬ ಅಡಿಕೆ ಹರವಿತ್ತು. ಊಟ ಮುಗಿಸಿ ಹಳೇ ನೋಟ್‌ಬುಕ್ಕು ಹುಡುಕಿ, ಕಂಬಳಿ ಹೊದ್ದು ಹೊರಗೆ ಬಂದೆ. ಮಹಾವ್ಯಾಧ ಈ ಹೊತ್ತಿಗೆ ಮೂಡಣದ ಗುಡ್ಡ ಹತ್ತಿರಬೇಕು. ಗುಡ್ಡವೂ ಕಾಣಲಿಲ್ಲ. ಮನೆ ಎದುರಿನ ತಿರುವಿನಲ್ಲಿ ಹೈಮಾಸ್ಟ್ ದೀಪ ಝಗಝಗ ಉರಿಯುತ್ತಿತ್ತು. ಆ ದಿನ ಸಂಜೆಯೇ ಉದ್ಘಾಟನೆಯಾಗಿತ್ತಂತೆ, ನಾನು ಕಾಲೇಜಿಂದ ಬರೋದು ತಡವಾಗಿತ್ತು. ಕಂಬದ ಬುಡದಲ್ಲಿ ಕಲ್ಲು, ಕಲ್ಲಿನ ಮೇಲೆ ಅಕ್ಷರ: 'ನಮ್ಮೂರ ಖಗೋಳ ವಿಜ್ಞಾನಿಗಳ ಕೋರಿಕೆಯ ಮೇರೆಗೆ.'

ಅಮ್ಮ ಬಾಗಿಲಿಗೆ ಬಂದು ಒಂದು ಗಳಿಗೆ ನೋಡಿದಳು. "ಪಾಪ, ನಿನ್ನಿಂದ ಇದೊಂದಾದ್ರೂ ಆಯ್ತು. ಇನ್ನು ಅಡಿಕೆ ಕಾಯೋ ಕೆಲಸ ಇಲ್ಲ" ಅಂದು ಒಳಗೆ ಹೋದಳು.