ಟ್ರ್ಯಾಕ್ಟರ್ ಬೆನ್ನಿಗೊಂದು ಬೈಕು

ನನ್ನ ಎಡಪಾದದ ಮೇಲೆ ಎರಡು ಬೆರಳುದ್ದದ ಕಲೆ ಇದೆ. ಹದಿನಾರನೇ ವಯಸ್ಸಿನದು. ನಾಗಮಂಗಲದ ಕಡೆ ನಮ್ಮೂರಲ್ಲಿ ಆ ವರ್ಷ ರೋಹಿಣಿ ಮಳೆ ಬಿದ್ದು ಒಳ್ಳೆ ಹದ ಆಗಿತ್ತು. ಟ್ರ್ಯಾಕ್ಟರ್ ಹಿಂದೆ ಸಿಕ್ಕಿಸಿದ, ಉಳುವ ಗುಳಗಳ ಕಬ್ಬಿಣದ ಚೌಕಟ್ಟಾದ ಕಲ್ಟಿವೇಟರ್ ಮೇಲೆ ಟಿವಿಎಸ್ ಎಕ್ಸೆಲ್ ಎತ್ತಿಟ್ಟು, ನೈಲಾನ್ ಹಗ್ಗ ಎರಡು ಸುತ್ತು ಸುತ್ತಿ, "ಗಟ್ಟಿಯಾಗಿ ಹಿಡ್ಕಂಡು ಕೂತ್ಕೊ" ಅಂತ ನನ್ನನ್ನೂ ಅದೇ ಕಬ್ಬಿಣದ ಮೇಲೆ ಕೂರಿಸಿದರು. ಕೆರೆ ಏರಿ ಇಳಿಯುವಾಗ ಹಗ್ಗ ಸಡಿಲಾಗಿ ಗಾಡಿ ವಾಲಿತು. ನಾನು ಕೈ ಬಿಡಲಿಲ್ಲ. ಫುಟ್‌ರೆಸ್ಟಿಗೂ ಗುಳಕ್ಕೂ ನಡುವೆ ಪಾದ ಸಿಕ್ಕಿಕೊಂಡಿತು. ಟ್ರ್ಯಾಕ್ಟರ್ ಸದ್ದಿನಲ್ಲಿ ನಾನು ಕೂಗಿದ್ದು ಮುಂದೆ ಕೂತವರಿಗೆ ಕೇಳಿಸಲು ಸುಮಾರು ಹೊತ್ತೇ ಹಿಡಿಯಿತು.

ಬೈಕನ್ನು ಹೊಲಕ್ಕೆ ಯಾಕೆ ಹೊರಬೇಕು ಅಂತ ಪೇಟೆಯವರು ಕೇಳಬಹುದು. ನಮ್ಮ ಹೊಲ ಊರಿಂದ ಮೂರು ಕಿಲೋಮೀಟರ್. ಇನ್ನೊಂದು ತುಂಡು ಅದಕ್ಕೂ ಆಚೆ. ಉಳುಮೆ ಅರ್ಧಕ್ಕೆ ನಿಂತು ಕತ್ತಲಾದರೆ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಬರಬೇಕು. ಡೀಸೆಲ್ ತೀರಿದರೆ ಕ್ಯಾನ್ ಹಿಡಿದು ಓಡಬೇಕು, ಬೋಲ್ಟ್ ತುಂಡಾದರೆ ಪೇಟೆಗೆ ಹೋಗಬೇಕು. ಹದ ಇರೋದು ನಾಲ್ಕು ದಿನ. ಅದರಲ್ಲಿ ಅರ್ಧ ದಿನ ನಡಿಗೆಗೆ ಹೋದರೆ ಅದು ಬಿತ್ತನೆಗೇ ಪೆಟ್ಟು. ಟ್ರೇಲರ್ ಇದೆಯಲ್ಲ, ಅದರಲ್ಲಿ ಹಾಕ್ಕೊಂಡು ಹೋಗಿ ಅನ್ನಬಹುದು. ಆದರೆ ಉಳೋಕೆ ಹೋಗುವಾಗ ಹಿಂದೆ ಕಲ್ಟಿವೇಟರೋ ರೋಟವೇಟರೋ ಇರುತ್ತದೆಯೇ ಹೊರತು ಟ್ರೇಲರ್ ಇರುವುದಿಲ್ಲ.

ಒಂಬತ್ತು ವರ್ಷದಿಂದ ನಾನು ನ್ಯೂಜಿಲೆಂಡಿನ ವೈಕಾಟೊದಲ್ಲಿದ್ದೇನೆ. ಮಾರಿನ್ಸ್‌ವಿಲ್ ಹತ್ತಿರ ಒಂದು ಡೈರಿ ಫಾರ್ಮಿನಲ್ಲಿ ಕೆಲಸ. ಸೇರಿದ ಮೊದಲ ಹುಲ್ಲಿನ ಸುಗ್ಗಿಯಲ್ಲಿ ಮ್ಯಾನೇಜರ್ ನನ್ನನ್ನು ರನ್-ಆಫ್ ಬ್ಲಾಕಿಗೆ ಕಳಿಸಿದ. ಕರು, ಬತ್ತಿದ ಹಸು ಮೇಯಿಸೋಕೆ, ಮೇವು ಬೆಳೆಯೋಕೆ ಇಟ್ಟುಕೊಳ್ಳುವ ದೂರದ ಜಮೀನಿಗೆ ಇಲ್ಲಿ ಹಾಗೆ ಕರೆಯುತ್ತಾರೆ. ನಮ್ಮದು ಹನ್ನೊಂದು ಕಿಲೋಮೀಟರ್ ದೂರ. ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರಬೇಕು. "ಯಾರು ಕರ್ಕೊಂಡು ಬರ್ತಾರೆ?" ಅಂತ ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ಟ್ರ್ಯಾಕ್ಟರ್ ಮೂತಿಯ ಕಡೆ ಕೈ ತೋರಿಸಿದ. ಅಲ್ಲಿ, ಮುಂಭಾರದ ಕಬ್ಬಿಣ ಕೂರುವ ಜಾಗದಲ್ಲಿ, ಒಂದು ಚಾನೆಲ್ಲಿನೊಳಗೆ, ಅಂದರೆ ಚಕ್ರ ಕೂರುವ ಉದ್ದನೆಯ ಕಬ್ಬಿಣದ ದೋಣಿಯೊಳಗೆ, ಫಾರ್ಮ್ ಬೈಕು ಅಡ್ಡಡ್ಡ ನಿಂತಿತ್ತು. ಎರಡು ರ್‍ಯಾಚೆಟ್ ಬೆಲ್ಟು, ಅಂದರೆ ಹಲ್ಲಿನ ಗಾಲಿಯಿಂದ ಬಿಗಿಯುವ, ಹಿಂದಕ್ಕೆ ಜಾರದ ಪಟ್ಟಿ, ಬಿಗಿದಿದ್ದವು. ಹಿಡಿದುಕೊಂಡು ಕೂರೋಕೆ ಯಾರೂ ಬೇಕಿರಲಿಲ್ಲ. ಇಲ್ಲಿ ಹಾಗೆ ಯಾರನ್ನೂ ಕೂರಿಸಿಕೊಂಡು ಹೋಗುವುದೂ ಇಲ್ಲ. 2015ರಲ್ಲಿ ಬಂದ ಕೆಲಸದ ಸುರಕ್ಷತೆಯ ಕಾಯ್ದೆ ಯಜಮಾನನ ಕುತ್ತಿಗೆಗೇ ಬರುತ್ತದೆ.

ಇಲ್ಲಿ ಎರಡು ಪದ್ಧತಿ. ಹಿಂದೆ ಹುಲ್ಲು ಗುಡಿಸುವ ರೇಕೋ ಹುಲ್ಲು ಕೊಯ್ಯುವ ಮೋವರೋ ಇದ್ದರೆ ಬೈಕು ಮುಂದೆ. ಹಿಂದೆ ಖಾಲಿ ಇದ್ದರೆ ತ್ರೀ ಪಾಯಿಂಟ್ ಲಿಂಕೇಜಿಗೆ, ಅಂದರೆ ಉಳುವ ಸಾಮಾನು ಸಿಕ್ಕಿಸಿ ಎತ್ತುವ ಮೂರು ತೋಳುಗಳಿಗೆ, ಬೈಕು ಹೊರುವ ಕ್ಯಾರಿಯರ್. ನನಗೆ ಇಷ್ಟವಾದದ್ದು ಹಿಂದಿನದೇ. ಲಿಫ್ಟ್ ಲಿವರ್ ಒತ್ತಿ ಕ್ಯಾರಿಯರನ್ನು ನೆಲಕ್ಕೆ ಇಳಿಸಿ, ಬೈಕನ್ನು ಪಕ್ಕದಿಂದ ಉರುಳಿಸಿ ಚಾನೆಲ್ಲಿಗೆ ತಳ್ಳಿದರೆ ಮುಂಚಕ್ರ ಕೊನೆಯ ಕಮಾನಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಎತ್ತುವ ಕಷ್ಟ ನಮಗಿಲ್ಲ, ಎತ್ತುವುದು ಹೈಡ್ರಾಲಿಕ್. ನಮ್ಮೂರ ನಲವತ್ತೈದು, ಐವತ್ತು ಎಚ್‌ಪಿ ಟ್ರ್ಯಾಕ್ಟರುಗಳು ಸಾವಿರದ ಐನೂರು ಕಿಲೋ ಆಸುಪಾಸು ಎತ್ತುತ್ತವೆ. ಸ್ಪ್ಲೆಂಡರ್ ತೂಕ 110 ಕಿಲೋ ಚಿಲ್ಲರೆ. ಅದಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಬಿಗಿಯುವುದರಲ್ಲೇ ಇರೋದು ಕೆಲಸ. ಹ್ಯಾಂಡಲ್ ಬುಡಕ್ಕೆ, ಫೋರ್ಕ್ ಸೇರುವ ಜಾಗಕ್ಕೆ ಎರಡೂ ಕಡೆ ಬೆಲ್ಟು ಹಾಕಿ ಕೆಳಕ್ಕೂ ಸ್ವಲ್ಪ ಮುಂದಕ್ಕೂ ಎಳೆಯಬೇಕು. ಮುಂದಿನ ಶಾಕ್ ಅಬ್ಸಾರ್ಬರ್ ಒಂದು ಗೇಣು ಇದ್ದದ್ದು ಅರ್ಧ ಗೇಣಿಗೆ ಕುಗ್ಗಬೇಕು. ಆಗ ಸ್ಪ್ರಿಂಗೇ ಬೆಲ್ಟನ್ನು ಸದಾ ಬಿಗಿಯಾಗಿ ಇಟ್ಟಿರುತ್ತದೆ, ಗುಂಡಿಗೆ ಬಿದ್ದರೂ ಸಡಿಲಾಗುವುದಿಲ್ಲ. ನಮ್ಮ ಕೆರೆ ಏರಿ ಮೇಲೆ ಆದದ್ದು ಇದರ ಉಲ್ಟಾ. ಹಗ್ಗ ಸೀಟಿನ ಮೇಲೆ ಸುತ್ತಿತ್ತು, ಗಾಡಿ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಪ್ರತಿ ಕುಲುಕಿಗೂ ಸೀಟು ತಗ್ಗಿ ಹಗ್ಗ ಒಂದಿಷ್ಟು ಜಾರುತ್ತಾ ಹೋಗಿತ್ತು. ಸ್ಟ್ಯಾಂಡ್ ಯಾವತ್ತೂ ಹಾಕಬಾರದು, ಭಾರ ಚಕ್ರದ ಮೇಲೇ ಇರಬೇಕು. ಹಿಂದಿನ ಚಕ್ರಕ್ಕೊಂದು ಬೇರೆ ಬೆಲ್ಟು. ಪೆಟ್ರೋಲ್ ಕೊಳಾಯಿ ಇರುವ ಗಾಡಿಯಾದರೆ ಅದನ್ನು ಮುಚ್ಚಬೇಕು, ಇಲ್ಲದಿದ್ದರೆ ಕುಲುಕಾಟಕ್ಕೆ ಕಾರ್ಬೊರೇಟರ್ ತುಂಬಿ ಆಮೇಲೆ ಕಿಕ್ ಹೊಡೆದು ಹೊಡೆದು ಕಾಲು ಸೋಲುತ್ತದೆ.

ಮುಂದೆ ಕಟ್ಟುವುದರಲ್ಲಿ ಒಂದು ಅನುಕೂಲ ಇದೆ. ಹಿಂದೆ ಭಾರದ ಸಾಮಾನು ಎತ್ತಿದಾಗ ಮುಂಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಬೈಕಿನ ತೂಕ ಅಲ್ಲಿ ಕೂತರೆ ಮೂತಿ ನೆಲ ಕಚ್ಚುತ್ತದೆ. ಆದರೆ ರೇಡಿಯೇಟರ್ ಮುಂದೆ ತೀರಾ ಒತ್ತಿ ನಿಲ್ಲಿಸಿದರೆ ಗಾಳಿ ಆಡದು. ನಮ್ಮ ಏಪ್ರಿಲ್ ಬಿಸಿಲಲ್ಲಿ ಅದು ಸಣ್ಣ ವಿಷಯವಲ್ಲ. ಮೇಲೆತ್ತೋಕೆ ಹಲಗೆಯೂ ಬೇಕು.

ಇಲ್ಲಿನ ಫಾರ್ಮ್ ಬೈಕನ್ನು ಮಾಡಿರುವ ರೀತಿಯೇ ಬೇರೆ. ಯಮಹಾ ಎಜಿ200 ಅಂತ ಒಂದಿದೆ. ಎರಡೂ ಕಡೆ ಸ್ಟ್ಯಾಂಡ್, ಹಿಂದೆ ಮುಂದೆ ಕ್ಯಾರಿಯರ್, ಕೆಸರು ಹೊಗದಂತೆ ಮುಚ್ಚಿದ ಚೈನು. ಗೇಟು ತೆಗೆಯೋಕೆ ಇಳಿದಾಗ ಕ್ಲಚ್ಚನ್ನು ಒತ್ತಿ ಹಿಡಿದಿಡುವ ಕೊಂಡಿ ಕೂಡ ಇದೆ. ಆದರೂ ನಮ್ಮ ಎಕ್ಸೆಲ್ ಏನೂ ಕಡಿಮೆಯಿಲ್ಲ. 1980ರಲ್ಲಿ ಹೊಸೂರಿನಿಂದ ಹೊರಟ ಟಿವಿಎಸ್ 50ರ ಸಂತಾನ ಅದು. ಮೇವಿನ ಹೊರೆ, ಹಾಲಿನ ಕ್ಯಾನು, ಎರಡು ಮೂಟೆ ಗೊಬ್ಬರ, ಎಲ್ಲ ಹೊತ್ತಿದೆ. ಹೊರುವುದನ್ನು ಅದಕ್ಕೆ ಯಾರೂ ಕಲಿಸಬೇಕಿಲ್ಲ. ಅದನ್ನು ಹೊರುವುದನ್ನು ನಾವು ಕಲಿಯಬೇಕಾಗಿದೆ, ಅಷ್ಟೇ.

ಕ್ಯಾರಿಯರ್ ಏನೂ ನಮಗೆ ನಿಲುಕದ ವಿದ್ಯೆಯಲ್ಲ. ಮೂರು ಪಿನ್ನಿನ ಲಿಂಕೇಜ್ ಹ್ಯಾರಿ ಫರ್ಗ್ಯುಸನ್ ಕೊಟ್ಟದ್ದು. ಅವನ ಪುಟ್ಟ ಟಿಇ20 ಟ್ರ್ಯಾಕ್ಟರುಗಳಲ್ಲೇ ಎಡ್ಮಂಡ್ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವ ತಲುಪಿದ. ಇಲ್ಲಿನ ಹಳೆಯ ಐದು ಡಾಲರ್ ನೋಟಿನಲ್ಲಿ ಹಿಲರಿ ಜೊತೆ ಆ ಟ್ರ್ಯಾಕ್ಟರಿನ ಚಿತ್ರವೂ ಇತ್ತು, ನನಗೆ ಅದು ಬಲು ಇಷ್ಟ. ಆ ಲಿಂಕೇಜಿನ ಅಳತೆ ಈಗ ಜಗತ್ತಿಗೆಲ್ಲ ಒಂದೇ. ಗಾತ್ರಕ್ಕೆ ತಕ್ಕ ಕೆಟಗರಿಗಳಿವೆ, ಕೆಟಗರಿ 2 ಆದರೆ ಕೆಳಗಿನ ಪಿನ್ನು 28 ಮಿಲಿಮೀಟರ್, ಮೇಲಿನದು 25. ಕೆಟಗರಿ ಒಂದೇ ಆದರೆ ವೈಕಾಟೊದ ಕ್ಯಾರಿಯರನ್ನು ಹಾಗೇ ತಂದು ನಾಗಮಂಗಲದ ಟ್ರ್ಯಾಕ್ಟರಿಗೆ ಸಿಕ್ಕಿಸಬಹುದು. ಆದರೆ ತರುವ ಅಗತ್ಯವೇ ಇಲ್ಲ. ಒಂದು ಸಿ ಚಾನೆಲ್, ನಾಲ್ಕು ತುಂಡು ಚೌಕ ಪೈಪು, ಮೂರು ಪಿನ್ನು. ರೋಟವೇಟರ್ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವನಿಗೆ ಇದು ಒಂದು ಮಧ್ಯಾಹ್ನದ ಕೆಲಸ.

ಮತ್ತೆ ನಮ್ಮಲ್ಲಿ ಯಾಕೆ ಬರಲಿಲ್ಲ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಇಲ್ಲಿ ಮೊದಲಿಂದಲೂ ಒಬ್ಬನೇ ಮನುಷ್ಯ, ಮೈಲಿಗಟ್ಟಲೆ ಜಮೀನು. ವಾಪಸ್ ಬರುವ ದಾರಿಯನ್ನೂ ಅವನೇ ಹೊತ್ತುಕೊಂಡು ಹೋಗಬೇಕಿತ್ತು. ನಮ್ಮಲ್ಲಿ ಎರಡನೆಯವನು ಇದ್ದೇ ಇರುತ್ತಿದ್ದ. ತಮ್ಮ, ಭಾವಮೈದ, ಪಕ್ಕದ ಮನೆ ಹುಡುಗ, ಯಾರೋ ಒಬ್ಬ ಗಾಡಿ ತಂದು ಬದುವಿನ ಮೇಲೆ ನಿಂತಿರುತ್ತಿದ್ದ, ಬುತ್ತಿಯನ್ನೂ ತಂದಿರುತ್ತಿದ್ದ. ಈಗ ಆ ಹುಡುಗರು ಪೀಣ್ಯದಲ್ಲಿದ್ದಾರೆ, ಬಿಡದಿಯಲ್ಲಿದ್ದಾರೆ. ನಾನು ಇಲ್ಲಿದ್ದೇನೆ. ಊರಲ್ಲಿ ನಮ್ಮಣ್ಣ ಒಬ್ಬನೇ ಉಳುತ್ತಾನೆ, ಐವತ್ತೆರಡು ವರ್ಷ. ಹೋದ ವರ್ಷ ಅವನೂ ಎಕ್ಸೆಲ್ಲನ್ನು ಕಲ್ಟಿವೇಟರಿಗೆ ಹಗ್ಗ ಹಾಕಿ ಕಟ್ಟಿಕೊಂಡು ಹೋಗುವ ವೀಡಿಯೊವನ್ನು ಯಾರೋ ಕಳಿಸಿದ್ದರು. ನೋಡಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಲ್ಟಿವೇಟರ್ ಹಿಂದೆ ಇದ್ದೇ ಇರುತ್ತದೆ ಅಂತ ಅವನ ವಾದ. ಸರಿಯಾದ ಮಾತು. ಅದಕ್ಕೇ ಅವನಿಗೆ ಮುಂದಿನ ಬಂಪರಿಗೆ ಬೋಲ್ಟ್ ಹಾಕುವ ಚಾನೆಲ್ಲೇ ಆಗಬೇಕು, ರೇಡಿಯೇಟರಿಂದ ಒಂದಡಿ ಬಿಟ್ಟು. ಗಾಡಿ ಆರಡಿಗೂ ಹೆಚ್ಚು ಉದ್ದ ಇರುವುದರಿಂದ ಎರಡು ಕಡೆಯೂ ಚಕ್ರ ಹೊರಚಾಚುತ್ತದೆ, ನಮ್ಮ ಓಣಿಗಳಲ್ಲಿ ಕಬ್ಬಿನ ಟ್ರೇಲರ್ ಎದುರಾದರೆ ಕಷ್ಟ. ಕೆಂಪು ಬಟ್ಟೆ ಕಟ್ಟು ಅಂದಿದ್ದೇನೆ. ಹೋದ ಭಾನುವಾರ ಬೆಳಗಿನ ಹಾಲು ಕರೆದು ಮುಗಿದ ಮೇಲೆ ಟೇಪ್ ಹಿಡಿದು ಇಲ್ಲಿನ ಕ್ಯಾರಿಯರಿನ ಅಳತೆ ತೆಗೆದು, ಹಾಳೆಯ ಮೇಲೆ ಬರೆದು ಫೋಟೊ ಕಳಿಸಿದೆ. ಅಣ್ಣ ಅದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದಿದ್ದ. ಅಂಗಡಿಯವನು ಒಂದೇ ಒಂದು ಪ್ರಶ್ನೆ ಕೇಳಿದನಂತೆ: ಬೆಲ್ಟಿನ ಕೊಕ್ಕೆಗೆ ಬಳೆ ಎಲ್ಲಿ ಬೆಸೆಯಬೇಕು? ಹ್ಯಾಂಡಲ್‌ಗಿಂತ ಒಂದು ಮೊಳ ಮುಂದೆ, ಎರಡೂ ಪಕ್ಕ, ಚಾನೆಲ್ ಮಟ್ಟದಲ್ಲಿ ಅಂತ ಹೇಳಿದ್ದೇನೆ.