ನಿಜವಾದ ತೊಡಕು ಮೆಮೊರಿ
ಆಪಲ್ ಕಂಪನಿಯ 1984ರ ಮ್ಯಾಕಿಂಟಾಷ್ ಕಂಪ್ಯೂಟರಿಗೆ ತಂತ್ರಾಂಶ ಬರೆಯುವವರನ್ನು ಕಾಡಿದ್ದು ಪ್ರೊಸೆಸರ್‌ನ ನಿಧಾನಗತಿ ಎಂದು ಲೇಖಕರೊಬ್ಬರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದ್ದದ್ದೇ 128 ಕಿಲೋಬೈಟ್ ಮೆಮೊರಿ. ಅದರಲ್ಲಿ ಸುಮಾರು 22 ಕಿಲೋಬೈಟನ್ನು 512×342 ಚುಕ್ಕೆಗಳ ಪರದೆಯೇ ನುಂಗುತ್ತಿತ್ತು. ಉಳಿದ ಜಾಗ ಚೂರುಚೂರಾಗದಂತೆ ವ್ಯವಸ್ಥೆಯೇ ದತ್ತಾಂಶವನ್ನು ಆಚೀಚೆ ಸರಿಸುತ್ತಿತ್ತು. ಹಾಗಾಗಿ ದತ್ತಾಂಶ ಮೆಮೊರಿಯಲ್ಲಿ ಎಲ್ಲಿದೆ ಎಂಬ ನೇರ ವಿಳಾಸವನ್ನಲ್ಲ, ಆ ವಿಳಾಸವನ್ನು ಬರೆದಿಟ್ಟ ಜಾಗದ ವಿಳಾಸವನ್ನು, ಅಂದರೆ ಹ್ಯಾಂಡಲನ್ನು, ನಂಬಿ ಕೆಲಸ ಮಾಡಬೇಕಿತ್ತು. ನೇರ ವಿಳಾಸವನ್ನು ಹಿಡಿದುಕೊಂಡು ನಡುವೆ ಹೊಸ ಮೆಮೊರಿ ಕೇಳಿದಿರೋ, ಮರಳಿ ನೋಡುವಷ್ಟರಲ್ಲಿ ಅಲ್ಲಿ ಬೇರೇನೋ ಕುಳಿತಿರುತ್ತಿತ್ತು! ಇಂಥ ತಪ್ಪು ಒಮ್ಮೆ ಕಾಣಿಸಿಕೊಂಡರೆ ಹತ್ತು ಸಲ ಅಡಗಿರುತ್ತದೆ. ಅದನ್ನು ಪತ್ತೆಹಚ್ಚಿದವರ ತಾಳ್ಮೆ ದೊಡ್ಡದು. ಆರಂಭದಲ್ಲಂತೂ ಪ್ರೋಗ್ರಾಮನ್ನು ಆಪಲ್‌ನದೇ ಇನ್ನೊಂದು ಕಂಪ್ಯೂಟರಾದ ಲೀಸಾದಲ್ಲಿ ಬರೆದು, ಆಮೇಲೆ ಮ್ಯಾಕಿಂಟಾಷ್‌ಗೆ ಒಯ್ದು ಓಡಿಸಿ ನೋಡಬೇಕಿತ್ತು.