ಯಾರ ಪೈಕಿ?

ಬಾಗಲಕೋಟೆಯ ನವನಗರದಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಎಲೆಗೆ ಉಪ್ಪು ಬೀಳುವ ಮೊದಲೇ ಪಕ್ಕದ ಅಜ್ಜಿ ಕೇಳಿಬಿಟ್ಟರು: "ಯಾರ ಪೈಕಿರಿ ನೀವು?"

ನಮ್ಮ ಕಡೆ ಈ ಪ್ರಶ್ನೆಗೆ ಉತ್ತರ ಸಿಗುವ ತನಕ ಬಿಡುಗಡೆ ಇಲ್ಲ. ಗಂಡಿನವರೋ ಹೆಣ್ಣಿನವರೋ, ಅಡ್ಡಹೆಸರೇನು, ತಾಯಿಯ ತವರು ಯಾವುದು, ಎಲ್ಲ ಆಯಿತು. "ಹಳೇ ಊರಾಗ ಯಾವ ಓಣಿ?" ಅಂದರು. ಹೇಳಿದೆ. ಆ ಓಣಿ ಆಲಮಟ್ಟಿ ಹಿನ್ನೀರಿಗೆ ಹೋಗಿ ಎಷ್ಟೋ ವರ್ಷವಾಯಿತು. ಅಜ್ಜಿ ಮಾತ್ರ ಕಾಲು ಒದ್ದೆ ಆಗದಂತೆ ಅದರಲ್ಲಿ ಮನೆ ಮನೆ ಹೊಕ್ಕು ಬಂದರು. ನಾನು ಯಾವ ಮನೆಯಲ್ಲೂ ಸಿಗಲಿಲ್ಲ.

ಆಗ ನೆನಪಾದದ್ದು ಟಲ್ಲಿ ಮಾನ್‌ಸ್ಟರ್ ಎಂಬ ಪಳೆಯುಳಿಕೆ ಪ್ರಾಣಿ. ಹಿಂದಿನ ರಾತ್ರಿ ನಿದ್ದೆ ಬಾರದೆ ಅದರ ಬಗ್ಗೆ ಓದಿದ್ದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಕಲ್ಲಿದ್ದಲು ತೆಗೆದು ಬಿಸಾಕಿದ ಮಣ್ಣಿನ ಗುಡ್ಡೆಗಳಲ್ಲಿ, 1950ರ ದಶಕದಲ್ಲಿ ಫ್ರಾನ್ಸಿಸ್ ಟಲ್ಲಿ ಎಂಬ ಹವ್ಯಾಸಿಗೆ ಇದು ಸಿಕ್ಕಿತು. ಅಲ್ಲಿ ಪಳೆಯುಳಿಕೆಗಳು ಕಬ್ಬಿಣದ ಅಂಶವಿರುವ ಉರುಟು ಗಂಟುಗಲ್ಲುಗಳ ಒಳಗಿರುತ್ತವೆ. ಸುತ್ತಿಗೆಯಿಂದ ಹೊಡೆಯುವ ಬದಲು ನೀರಲ್ಲಿಟ್ಟು ಫ್ರೀಜರಿಗೆ ಹಾಕಿ, ಕರಗಿಸಿ, ಮತ್ತೆ ಹಾಕಿ ಕಾಯುತ್ತಾರಂತೆ. ಒಂದು ದಿನ ತೆಂಗಿನಕಾಯಿ ಒಡೆದ ಹಾಗೆ ಎರಡು ಹೋಳಾಗುತ್ತದೆ. ಎರಡರಲ್ಲೂ ಅದೇ ಅಚ್ಚು.

ಪ್ರಾಣಿ ಸುಮಾರು ಗೇಣುದ್ದ. ದೊಡ್ಡದೆಂದರೆ 35 ಸೆಂಟಿಮೀಟರ್. ಮೆತ್ತನೆಯ ಮೈ, ಚಿಪ್ಪಿಲ್ಲ. ಮುಂದೆ ಪೈಪಿನಂಥ ಸೊಂಡಿಲು, ಅದರ ತುದಿಗೆ ಹಲ್ಲಿರುವ ಇಕ್ಕಳ. ಕಣ್ಣುಗಳಂತೂ ತಲೆಯಲ್ಲೇ ಇಲ್ಲ! ಬೆನ್ನ ಮೇಲೆ ಅಡ್ಡಕ್ಕೆ ಒಂದು ಕಡ್ಡಿ. ನೊಗದ ಎರಡು ಕಡೆ ಎತ್ತು ಕಟ್ಟಿದ ಹಾಗೆ ಕಡ್ಡಿಯ ಎರಡು ತುದಿಗೆ ಎರಡು ಕಣ್ಣು. ಬಾಲದಲ್ಲಿ ಈಜುರೆಕ್ಕೆ. ಒಬ್ಬೊಬ್ಬ ಸಂಬಂಧಿಕರಿಂದ ಒಂದೊಂದು ಸಾಮಾನು ಕಡ ತಂದಂತಿದೆ.

ಇದು ಸಮುದ್ರದಲ್ಲಿದ್ದದ್ದು 30 ಕೋಟಿ ವರ್ಷಕ್ಕೂ ಹಿಂದೆ. ಬಹಳ ಹಳೆಯದು ಅನಿಸುತ್ತದೆ, ಅಲ್ವಾ? ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲಿನ ಎದುರು ಇದು ನಿನ್ನೆ ಮೊನ್ನೆಯ ಕೂಸು. ನಮ್ಮ ಕಲ್ಲಿಗೆ ನೂರು ಕೋಟಿ ದಾಟಿದೆ. ಕಣ್ಣಿರುವ ಪ್ರಾಣಿಯೇ ಆಗ ಹುಟ್ಟಿರಲಿಲ್ಲ.

ಟಲ್ಲಿ ಅದನ್ನು ಶಿಕಾಗೋದ ಫೀಲ್ಡ್ ಮ್ಯೂಸಿಯಮ್ಮಿಗೆ ಒಯ್ದ. ಅಲ್ಲಿನವರಿಗೂ ಗುರುತು ಹತ್ತಲಿಲ್ಲ. 1966ರಲ್ಲಿ ಅಲ್ಲಿನ ವಿಜ್ಞಾನಿ ಯೂಜೀನ್ ರಿಚರ್ಡ್‌ಸನ್ ಹೆಸರಿಟ್ಟರು: ಟುಲಿಮಾನ್‌ಸ್ಟ್ರಮ್ ಗ್ರೆಗೇರಿಯಮ್. ಅಂದರೆ ಕಂಡವನ ಅಡ್ಡಹೆಸರೇ ಅದಕ್ಕೂ ಅಡ್ಡಹೆಸರು. ಗ್ರೆಗೇರಿಯಮ್ ಎಂದರೆ ಗುಂಪಿನದು. ಸಾವಿರಗಟ್ಟಲೆ ಸಿಕ್ಕಿವೆ, ಆದರೂ ನೆಂಟರೊಬ್ಬರೂ ಇಲ್ಲ. 1989ರಲ್ಲಿ ಇಲಿನಾಯ್ ಇದನ್ನು ರಾಜ್ಯದ ಪಳೆಯುಳಿಕೆ ಎಂದು ಮಾಡಿಕೊಂಡಿತು. ಯಾರ ಪೈಕಿ ಎಂದು ತಿಳಿಯದಿದ್ದರೂ ಮನೆಗೆ ಸೇರಿಸಿಕೊಂಡರಲ್ಲ, ದೊಡ್ಡ ಮನಸ್ಸು.

ಹುಳದ ಪೈಕಿ, ಬಸವನಹುಳುವಿನ ಪೈಕಿ ಎಂದೆಲ್ಲ ವಾದವಾಯಿತು. 2016ರಲ್ಲಿ ಕೆಲವರು, ಕರುಳು ಎಂದುಕೊಂಡಿದ್ದ ಬಿಳಿ ಗೆರೆ ನಿಜಕ್ಕೂ ಬೆನ್ನಿಗೆ ಆಧಾರವಾಗುವ ಕಡ್ಡಿ, ಹಾಗಾಗಿ ಇದು ಬೆನ್ನೆಲುಬಿನವರ ಪೈಕಿಯ ಲ್ಯಾಂಪ್ರೀ ಮೀನಿನ ಬಳಗ ಎಂದರು. ಮರುವರ್ಷವೇ ತಕರಾರು ಬಂತು. 2023ರಲ್ಲಿ ಜಪಾನಿನವರು 150ಕ್ಕೂ ಹೆಚ್ಚು ಕಲ್ಲುಗಳನ್ನು ತ್ರೀಡಿ ಸ್ಕ್ಯಾನ್ ಮಾಡಿ, ಬೆನ್ನೆಲುಬಿನವರ ಪೈಕಿ ಅಲ್ಲವೇ ಅಲ್ಲ ಎಂದರು. ಹಾಗಾದರೆ ಯಾರ ಪೈಕಿ? ಅದು ಇನ್ನೂ ನಿಂತಿದೆ.

ಎಣ್ಣೆಗಾಯಿ ಬಂತು. ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿ, "ಮೂಗ ನೋಡಿದ್ರ ಗುಳೇದಗುಡ್ಡದ ಖಣದ ಅಂಗಡಿಯವರ ಹಂಗ ಐತಿ. ಹೌದಲ್ರಿ?" ಅಂದರು. ನಮ್ಮ ತಾಯಿಯ ತವರು ಗುಳೇದಗುಡ್ಡವೇನೋ ಹೌದು. ಆದರೆ ಅವರದು ಕಿರಾಣಿ ಅಂಗಡಿ. ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಬಡಿಸುವವನನ್ನು ಕೂಗಿದರು: "ಏ ತಮ್ಮಾ, ಇವ್ರು ನಮ್ಮವರ ಅದಾರ. ಇನ್ನೊಂದು ಹೋಳಿಗಿ ಹಾಕು, ತುಪ್ಪಾ ಜಾಸ್ತಿ ಬಿಡು."

ನಾನು ಬಾಯಿ ಮುಚ್ಚಿಕೊಂಡು ಎಲೆ ಮುಂದಕ್ಕೆ ಸರಿಸಿದೆ.